ಖಾಲಿ ಚೀಟಿ ಹೊರಬೀಳದಂತೆ: ಸ್ವಿಫ್ಟ್‌ನಲ್ಲಿ ಇನಿಶಿಯಲೈಸರ್ ಬರೆಯುವ ಬಗೆ

ಮಂಡ್ಯದ ಸುತ್ತಮುತ್ತ ಕಬ್ಬು ಬೆಳೆಯುವ ಮನೆಗಳಲ್ಲಿ ತೂಕದ ಚೀಟಿ ಎಲ್ಲರಿಗೂ ಪರಿಚಿತ. ರೈತರ ಹೆಸರನ್ನೋ ತೂಕವನ್ನೋ ಬರೆಯದೆ ಬಿಟ್ಟರೆ ಆ ಚೀಟಿಗೆ ಹಣ ಹುಟ್ಟುವುದಿಲ್ಲ. ಆಪಲ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸ್ವಿಫ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಅಷ್ಟೇ ಕಟ್ಟುನಿಟ್ಟಿನದು. ಮಾಹಿತಿಯ ನಮೂನೆಗಳಾದ ಸ್ಟ್ರಕ್ಟ್ (struct) ಆಗಲಿ ಕ್ಲಾಸ್ (class) ಆಗಲಿ, ಒಳಗಿನ ಪ್ರಾಪರ್ಟಿಗಳಿಗೆಲ್ಲ, ಅಂದರೆ ಮಾಹಿತಿ ಇಡುವ ಅಂಕಣಗಳಿಗೆಲ್ಲ, ಮೌಲ್ಯ ತುಂಬಿದ ಮೇಲೆಯೇ ಅದರ ಇನ್‌ಸ್ಟನ್ಸ್, ಅಂದರೆ ಆ ನಮೂನೆಯಿಂದ ಮಾಡಿದ ಒಂದು ವಸ್ತು, ಸಿದ್ಧವಾಗುತ್ತದೆ. ಹಾಗೆ ತುಂಬುವ ಹೊಣೆ ಇನಿಶಿಯಲೈಸರ್‌ನದು.

ಮೊದಲು ‘ಚೀಟಿ’ ಎಂಬ ಸ್ಟ್ರಕ್ಟ್ ಬರೆದು, ಅದರಲ್ಲಿ ಸ್ಟ್ರಿಂಗ್ (String, ಅಕ್ಷರಗಳ ಸಾಲು) ಬಗೆಯ ‘ಹೆಸರು’, ಡಬಲ್ (Double, ದಶಮಾಂಶ ಸಂಖ್ಯೆ) ಬಗೆಯ ‘ತೂಕ’ ಎಂಬ ಎರಡು ಪ್ರಾಪರ್ಟಿಗಳನ್ನು ‘ವಾರ್’ (var, ಮೌಲ್ಯ ಬದಲಿಸಬಹುದೆಂಬ ಗುರುತು) ಬಳಸಿ ಘೋಷಿಸಿರಿ. ಸ್ವಿಫ್ಟ್ ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ. ಕಲಿಯುವವರು ಒಮ್ಮೆಯಾದರೂ ಹೀಗೆ ಬರೆದು ನೋಡಬೇಕೆಂಬುದು ನನ್ನ ಆಸೆ, ಏಕೆಂದರೆ ಭಾಷೆಯ ಪದ ಯಾವುದು, ನಾವಿಟ್ಟ ಹೆಸರು ಯಾವುದು ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಇನ್‌ಸ್ಟನ್ಸ್ ಸೃಷ್ಟಿಸಲು ಇಷ್ಟು ಸಾಕು:

ಚೀಟಿ(ಹೆಸರು: "ಕೆಂಪಮ್ಮ", ತೂಕ: 12.5)

ಇಲ್ಲಿ ನಾವು ಇನಿಶಿಯಲೈಸರ್ ಬರೆಯಲಿಲ್ಲ. ಸ್ಟ್ರಕ್ಟ್‌ಗೆ ಕಂಪೈಲರೇ (ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ತಂತ್ರಾಂಶ) ಅದನ್ನು ಒದಗಿಸುತ್ತದೆ. ಪ್ರಾಪರ್ಟಿಗಳನ್ನು ಘೋಷಿಸಿದ ಕ್ರಮದಲ್ಲೇ ಮೌಲ್ಯಗಳನ್ನು ಕೊಡಬೇಕು.

ಈಗ ಅವೇ ಎರಡು ಪ್ರಾಪರ್ಟಿಗಳುಳ್ಳ ‘ಖಾತೆ’ ಎಂಬ ಕ್ಲಾಸ್ ಬರೆದರೆ, ಇದಕ್ಕೆ ಇನಿಶಿಯಲೈಸರ್ ಇಲ್ಲವೆಂದು ಕಂಪೈಲರ್ ತಡೆಯುತ್ತದೆ. ಆದ್ದರಿಂದ ‘ಇನಿಟ್’ (init) ಎಂದು ಬರೆದು, ಆವರಣದಲ್ಲಿ ಅವೇ ಹೆಸರು, ಬಗೆಗಳ ಎರಡು ಪ್ಯಾರಾಮೀಟರ್‌ಗಳನ್ನು ಕೊಟ್ಟು, ಒಳಗೆ ‘ಸೆಲ್ಫ್.ಹೆಸರು = ಹೆಸರು’ (ಸೆಲ್ಫ್ ಅನ್ನು self ಎಂದೇ ಬರೆಯಬೇಕು) ಎಂಬ ಸಾಲನ್ನೂ, ತೂಕಕ್ಕೆ ಅಂಥದೇ ಇನ್ನೊಂದು ಸಾಲನ್ನೂ ಸೇರಿಸಿರಿ. ಹೊಸಬರು ಹೆಚ್ಚಾಗಿ ಎಡವುವುದು ಈ ಸಾಲಿನಲ್ಲಿ. ಎಡಗಡೆಯ ‘ಹೆಸರು’ ಇನ್‌ಸ್ಟನ್ಸ್‌ನ ಸ್ವಂತ ಪ್ರಾಪರ್ಟಿ, ಬಲಗಡೆಯದು ಹೊರಗಿನಿಂದ ಬಂದ ಪ್ಯಾರಾಮೀಟರ್. ‘ಸೆಲ್ಫ್’ ಬಿಟ್ಟರೆ ಎರಡೂ ಪ್ಯಾರಾಮೀಟರ್ ಎಂದೇ ಆಗಿ, ಅದನ್ನು ಬದಲಿಸಲಾಗದೆಂಬ ದೋಷ ಬರುತ್ತದೆ. ಘೋಷಿಸುವಾಗಲೇ ಎಲ್ಲಕ್ಕೂ ಆರಂಭದ ಮೌಲ್ಯ ಕೊಟ್ಟಿದ್ದರೆ, ಇನಿಟ್ ಬರೆಯದೆಯೇ ‘ಖಾತೆ()’ ಎಂದರೆ ಸಾಕು.

ಸ್ಟ್ರಕ್ಟ್, ಕ್ಲಾಸ್ ಇವೆರಡರಲ್ಲಿ ಯಾವುದನ್ನು ಯಾವಾಗ ಬಳಸಬೇಕು? ಚೀಟಿಯನ್ನು ಇನ್ನೊಂದು ವೇರಿಯಬಲ್‌ಗೆ (ಮೌಲ್ಯ ಇಡುವ ಹೆಸರಿಗೆ) ಕೊಟ್ಟರೆ ಬೇರೆಯದೇ ಪ್ರತಿ ಸಿಗುತ್ತದೆ. ಅದರಲ್ಲಿ ತೂಕ ತಿದ್ದಿದರೂ ಮೊದಲಿನ ಚೀಟಿಯಲ್ಲಿ 12.5 ಹಾಗೆಯೇ ಉಳಿಯುತ್ತದೆ. ಖಾತೆ ಹಾಗಲ್ಲ. ಎರಡು ವೇರಿಯಬಲ್‌ಗಳೂ ಒಂದೇ ಪುಸ್ತಕವನ್ನು ತೆರೆದು ಕುಳಿತಂತೆ, ಒಂದರಿಂದ ತಿದ್ದಿದ್ದು ಇನ್ನೊಂದಕ್ಕೂ ಕಾಣುತ್ತದೆ. ಹಂಚಿಕೊಳ್ಳುವ ಅಗತ್ಯ ಇಲ್ಲದ ಕಡೆ ಸ್ಟ್ರಕ್ಟನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಗಮನಿಸಿರಿ. ಸ್ಟ್ರಕ್ಟ್‌ನ ಒಳಗೆ ನಿಮ್ಮದೇ ಇನಿಟ್ ಬರೆದ ಕೂಡಲೇ ಕಂಪೈಲರ್ ಒದಗಿಸಿದ್ದು ಇಲ್ಲವಾಗುತ್ತದೆ. ಎರಡೂ ಬೇಕಾದರೆ ನಿಮ್ಮದನ್ನು ಸ್ಟ್ರಕ್ಟ್‌ನ ಹೊರಗೆ ಸೇರಿಸುವ ಭಾಗವಾದ ಎಕ್ಸ್‌ಟೆನ್ಷನ್‌ನಲ್ಲಿ (extension) ಬರೆಯಿರಿ.