ತರಗತಿಯ ಓದು-ಬರಹದ ಸಂಶೋಧನೆಗೆ ಕಿರು ಅನುದಾನ: ಶಿಕ್ಷಕರು ಅರ್ಜಿ ಸಿದ್ಧಪಡಿಸುವುದು ಹೇಗೆ?

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವಿನ ಶಾಲೆಯೊಂದರಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ‘ಬೆಕ್ಕು’ ಎಂಬುದನ್ನು ಸರಾಗವಾಗಿ ಓದಿ, ಮುಂದಿನ ಸಾಲಿನ ‘ಬೆನ್ನು’ ಬಂದಾಗ ‘ಬೆನು’ ಎಂದು ತಡವರಿಸುತ್ತಾಳೆ ಎಂದುಕೊಳ್ಳೋಣ. ‘ಒತ್ತಕ್ಷರ ಬರುವುದಿಲ್ಲ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಆದರೆ ಕ ಒತ್ತು ತನ್ನ ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಒತ್ತುಗಳ ಆಕಾರವೇ ಬೇರೆ. ಮಗುವಿನ ತಪ್ಪಿನಲ್ಲಿ ಒಂದು ಕ್ರಮವಿರಬಹುದು. ಆ ಕ್ರಮವನ್ನು ಹುಡುಕುವುದೇ ಕ್ರಿಯಾ ಸಂಶೋಧನೆ, ಕಿರು ಅನುದಾನಕ್ಕೆ ತಕ್ಕ ವಿಷಯವೂ ಇಂಥದ್ದೇ.

ಆದ್ದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅರ್ಜಿ ನಮೂನೆಯನ್ನಲ್ಲ, ಒಂದು ನೋಟ್‌ಪುಸ್ತಕವನ್ನು. ಎರಡು ವಾರ ಪ್ರತಿ ಮಗು ಓದಿದ್ದನ್ನು, ತಪ್ಪಿದ ಪದವನ್ನು ಅದು ಉಚ್ಚರಿಸಿದಂತೆಯೇ ಬರೆದಿಡಬೇಕು. ನನ್ನ ಮೊದಲ ಪ್ರಯತ್ನದಲ್ಲಿ ನಾನು ಇದನ್ನು ಮಾಡದೆ ನೇರವಾಗಿ ಮಿಂಚುಪಟ್ಟಿಗಳನ್ನು (ಅಕ್ಷರ, ಪದಗಳನ್ನು ಬರೆದ ಫ್ಲ್ಯಾಶ್ ಕಾರ್ಡ್) ಹಂಚಿದ್ದೆ. ಮೂರು ತಿಂಗಳ ನಂತರ ಮಕ್ಕಳು ಚೆನ್ನಾಗಿ ಓದುತ್ತಿದ್ದರೂ, ಮೊದಲು ಎಲ್ಲಿದ್ದರು ಎಂದು ತೋರಿಸಲು ನನ್ನ ಬಳಿ ಒಂದು ಹಾಳೆಯೂ ಇರಲಿಲ್ಲ.

ಈ ದಾಖಲೆಯಿಂದ ಒಂದೇ ಒಂದು ಪ್ರಶ್ನೆಯನ್ನು ಹೊರತೆಗೆಯಬೇಕು. ‘ಮಲೆನಾಡಿನ ಮಕ್ಕಳ ಸಾಕ್ಷರತೆ’ ಎಂಬುದು ಪ್ರಶ್ನೆಯಲ್ಲ. ‘ಆಕಾರ ಬದಲಾಗುವ ಆರು ಒತ್ತುಗಳನ್ನು ಪ್ರತ್ಯೇಕ ಗುಂಪಾಗಿ, ದಿನಕ್ಕೆ 15 ನಿಮಿಷದಂತೆ ಹತ್ತು ವಾರ ಕಲಿಸಿದರೆ ನನ್ನ ತರಗತಿಯ ಮಕ್ಕಳ ಓದಿನಲ್ಲಿ ಯಾವ ಬದಲಾವಣೆ ಕಾಣುತ್ತದೆ?’ ಎಂಬುದು ಪ್ರಶ್ನೆ. ಅಳತೆಗೋಲು ಬೇಕಿದ್ದರೆ, ಆರಂಭಿಕ ತರಗತಿಗಳ ಓದು-ಬರಹ, ಲೆಕ್ಕದ ಕಲಿಕೆಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯು ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿಯನ್ನಿಟ್ಟಿದೆ. ಆದರೆ ವೇಗವೊಂದನ್ನೇ ಅಳೆಯಬಾರದು. ಓದಿದ ಕಥೆಯ ಬಗ್ಗೆ ಮೂರು ಪ್ರಶ್ನೆಗಳನ್ನಾದರೂ ಕೇಳಬೇಕು.

ಹಣದ ಮೂಲಗಳಿಗಾಗಿ ಮೊದಲು ಜಿಲ್ಲೆಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ವಿಚಾರಿಸುವುದು ಒಳ್ಳೆಯದು. ಶಿಕ್ಷಕರ ಕ್ರಿಯಾ ಸಂಶೋಧನೆಗೆ ಮಾರ್ಗದರ್ಶನ ನೀಡುವುದು ಡಯಟ್‌ಗಳ ಹೊಣೆಗಳಲ್ಲೊಂದು. ಆ ವರ್ಷದ ಕಾರ್ಯಯೋಜನೆಯಲ್ಲಿ ಇದಕ್ಕೆ ಹಣವಿದೆಯೇ ಎಂಬುದನ್ನು ಹಾಸನ ಅಥವಾ ಚಿಕ್ಕಮಗಳೂರಿನ ಕಚೇರಿಯಲ್ಲಿ ಜೂನ್ ತಿಂಗಳಲ್ಲೇ ಕೇಳಿಕೊಳ್ಳಬೇಕು. ಕಥೆ, ಹಾಡು, ಸ್ಥಳೀಯ ಕಲೆಗಳ ಮೂಲಕ ಕಲಿಸುವ ಯೋಚನೆಯಿದ್ದರೆ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ‘ಕಲಿ-ಕಲಿಸು’ ಕಾರ್ಯಕ್ರಮವು ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ಅನುದಾನ ನೀಡುತ್ತಾ ಬಂದಿದೆ. ಖಾಸಗಿ ಸಂಸ್ಥೆಯ ಹಣವಾದರೆ ಒಪ್ಪಿಕೊಳ್ಳುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಲಿಖಿತ ಅನುಮತಿ ಕೋರಬೇಕು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಶಾಲಾ ಅನುದಾನವನ್ನು ಇದರೊಂದಿಗೆ ಬೆರೆಸಬಾರದು. ಅದು ಶಾಲೆಯ ನಿರ್ವಹಣೆಗೆ ಮೀಸಲಾದ ಹಣ.

ಅಂದಾಜು ಪಟ್ಟಿಯಲ್ಲಿ ಪ್ರತಿ ಬಾಬತ್ತೂ ಪ್ರಶ್ನೆಗೆ ನೇರವಾಗಿ ಸಂಬಂಧಿಸಿರಬೇಕು. ಉದಾಹರಣೆಗೆ 12,000 ರೂಪಾಯಿ ಕೇಳುವುದಾದರೆ, ಕಥೆಪುಸ್ತಕಗಳಿಗೆ 5,000, ಮಿಂಚುಪಟ್ಟಿಗಳ ಮುದ್ರಣಕ್ಕೆ 2,500, ಜೆರಾಕ್ಸ್‌ಗೆ 1,500, ಪ್ರಯಾಣಕ್ಕೆ 1,800, ವರದಿಯ ಬೈಂಡಿಂಗ್‌ಗೆ 1,200 ಎಂದು ಬಿಡಿಸಿ ತೋರಿಸಬಹುದು. ಟ್ಯಾಬ್ ಕೊಳ್ಳುವ ಆಸೆಯನ್ನು ಬಿಡುವುದು ಮೇಲು. ಮಕ್ಕಳ ಓದನ್ನು ಧ್ವನಿಮುದ್ರಿಸಲು ಕೈಯಲ್ಲಿರುವ ಮೊಬೈಲ್ ಸಾಕು.

ವೇಳಾಪಟ್ಟಿಯ ವಿಷಯದಲ್ಲಿ ನಮ್ಮ ಭಾಗದ ಶಿಕ್ಷಕರು ವಿಶೇಷ ಎಚ್ಚರ ವಹಿಸಬೇಕು. ಜುಲೈನಲ್ಲಿ ಮಳೆಯ ರಜೆ, ಅಕ್ಟೋಬರ್‌ನಲ್ಲಿ ದಸರಾ ರಜೆ, ಅದರ ಬೆನ್ನಿಗೇ ಕಾಫಿ ಕೊಯ್ಲು. ಕೊಯ್ಲಿನ ದಿನಗಳಲ್ಲಿ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳಲ್ಲಿ ಕೆಲವರು ಗೈರಾಗುತ್ತಾರೆ, ಬೇರೆ ಊರಿನಿಂದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಹೊಸದಾಗಿ ಸೇರುವುದೂ ಉಂಟು. ಅದರಿಂದಾಗಿ ಆರಂಭದಲ್ಲಿ ಓದಿಸಿದ ಮಕ್ಕಳೂ ಕೊನೆಯಲ್ಲಿ ಓದಿಸಿದ ಮಕ್ಕಳೂ ಬೇರೆಯಾಗಿಬಿಡುತ್ತಾರೆ. ಹತ್ತು ವಾರಗಳ ಕೆಲಸವನ್ನು ಆಗಸ್ಟ್ ಮೊದಲ ವಾರದಿಂದ ಆರಂಭಿಸಿ, ನಡುವಿನ ರಜೆಯನ್ನು ಲೆಕ್ಕದಿಂದ ಕೈಬಿಟ್ಟು, ಕೊಯ್ಲು ಜೋರಾಗುವ ಮೊದಲೇ ಅಂತಿಮ ಓದನ್ನು ಮುಗಿಸಬೇಕು. ಪ್ರತಿ ಮಗುವಿನ ಹಾಜರಾತಿಯನ್ನೂ ಓದಿನ ದಾಖಲೆಯ ಪಕ್ಕದಲ್ಲೇ ಬರೆಯಬೇಕು.

ಪೋಷಕರಿಗೆ ಅವರ ಮಾತಿನಲ್ಲೇ ವಿವರಿಸಿ ಒಪ್ಪಿಗೆ ಪಡೆಯುವುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ವಿಷಯವನ್ನು ದಾಖಲಿಸುವುದು, ವರದಿಯಲ್ಲಿ ಮಕ್ಕಳ ಹೆಸರಿನ ಬದಲು ಸಂಖ್ಯೆ ಬಳಸುವುದು ಕಡ್ಡಾಯವೆಂದೇ ತಿಳಿಯಬೇಕು. ಖರ್ಚಿನ ರಸೀದಿಗಳನ್ನು ಆಯಾ ದಿನವೇ ಅಂಟಿಸಿಟ್ಟರೆ ಹಣ ಬಳಕೆ ಪ್ರಮಾಣಪತ್ರ ಸಿದ್ಧಪಡಿಸುವಾಗ ಪರದಾಡಬೇಕಿಲ್ಲ.

ವರದಿ ಹತ್ತು ಪುಟ ಮೀರಬೇಕಿಲ್ಲ. ಮೊದಲ ಮತ್ತು ಕೊನೆಯ ಓದಿನ ಕೋಷ್ಟಕ, ಇಬ್ಬರು ಮೂವರು ಮಕ್ಕಳ ವಿವರವಾದ ದಾಖಲೆ, ಪ್ರಗತಿ ಕಾಣದ ಮಕ್ಕಳ ಬಗ್ಗೆ ಪ್ರತ್ಯೇಕ ಭಾಗ ಅದರಲ್ಲಿರಲಿ. ಎಲ್ಲರೂ ಸುಧಾರಿಸಿದರು ಎಂದು ಬರೆಯುವ ಒತ್ತಡಕ್ಕೆ ದಯವಿಟ್ಟು ಮಣಿಯಬೇಡಿ. ಹತ್ತು ವಾರದ ನಂತರವೂ ‘ಬೆನು’ ಎಂದೇ ಓದುವ ಮಗುವಿನ ಪುಟವೇ ಮುಂದಿನ ವರ್ಷ ಆ ತರಗತಿಗೆ ಬರುವ ಶಿಕ್ಷಕರಿಗೆ ಹೆಚ್ಚು ಬೇಕಾದದ್ದು. ಆದ್ದರಿಂದ ಒಂದು ಪ್ರತಿಯನ್ನು ಅನುದಾನ ಕೊಟ್ಟವರಿಗೆ ಕಳಿಸಿ, ಇನ್ನೊಂದನ್ನು ಶಾಲೆಯ ಬೀರುವಿನಲ್ಲಿಟ್ಟು, ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಯಲ್ಲಿ ಅದನ್ನು ಓದಿ ಹೇಳಲು ಅರ್ಧ ಗಂಟೆ ಕೇಳಿ ಪಡೆಯಿರಿ.