ಒಣ ಕೊರಡಿಗೆ ಜೀವಂತ ಗಿಡ ಕೂರಿಸೋದು: ತನುಕಿ ಬೋನ್ಸಾಯ್ ಮಾಡೋ ಬಗೆ

ಮೊದ್ಲೇ ಒಂದು ಹೇಳ್ಬಿಡ್ತೀನಿ, ಸತ್ತ ಕಟ್ಟಿಗೆಗೂ ಬದುಕಿರೋ ಗಿಡಕ್ಕೂ ಕಸಿ ಆಗಲ್ಲ. ಮಾಮೂಲಿ ಕಸೀಲಿ ಎರಡೂ ಕಡೆ ತೊಗಟೆ ಕೆಳಗಿನ ಬೆಳೆಯೋ ಪದರ, ಕ್ಯಾಂಬಿಯಂ ಅಂತಾರಲ್ಲ ಅದು, ಒಂದಕ್ಕೊಂದು ತಾಗಿ ಬೆಸೆದುಕೊಳ್ಳುತ್ತೆ. ಒಣ ಕೊರಡಲ್ಲಿ ಆ ಪದರವೇ ಇಲ್ಲ, ಬೆಸೆಯೋದು ಯಾವುದ್ರ ಜೊತೆ? ಹಾಗಾಗಿ ಇಲ್ಲಿ ನಾವು ಮಾಡೋದು ಇಷ್ಟೇ: ಕೊರಡಲ್ಲಿ ಒಂದು ಕಾಲುವೆ ಕೊರೆದು ಎಳೆ ಗಿಡದ ಕಾಂಡವನ್ನ ಅದರೊಳಗೆ ಕೂರಿಸ್ತೀವಿ, ಕಾಂಡ ದಪ್ಪ ಆಗ್ತಾ ಆಗ್ತಾ ಆ ಜಾಗದಲ್ಲಿ ಸಿಕ್ಕಾಕ್ಕೊಂಡು ಕೊರಡನ್ನ ಕಚ್ಚಿ ಹಿಡ್ಕೊಳ್ಳುತ್ತೆ. ನೋಡೋರಿಗೆ ನೂರಾರು ವರ್ಷದ ಮರ ಅರ್ಧ ಸತ್ತು ಒಂದು ಪಟ್ಟಿ ತೊಗಟೇಲಿ ಮಾತ್ರ ಜೀವ ಹಿಡ್ಕೊಂಡಿರೋ ಹಂಗೆ ಕಾಣುತ್ತೆ.

ಇದನ್ನ ಫೀನಿಕ್ಸ್ ಗ್ರಾಫ್ಟ್ ಅಂತಲೂ ಕರೀತಾರೆ. ತನುಕಿ ಅನ್ನೋದು ಜಪಾನಿನ ಒಂದು ಕಾಡುಪ್ರಾಣಿ, ನಾಯಿ ಜಾತೀದು, ಅಲ್ಲಿನ ಜನಪದ ಕತೆಗಳಲ್ಲಿ ವೇಷ ಬದಲಾಯಿಸಿ ಜನರನ್ನ ಯಾಮಾರಿಸೋ ಕಿಲಾಡಿ. ಹೆಸರಲ್ಲೇ ಗುಟ್ಟಿದೆ. ಸಂಪ್ರದಾಯಸ್ಥರು ಇದನ್ನ ಮೋಸ ಅಂತಲೇ ನೋಡೋದು. ನಂಗೆ ಹಂಗನ್ನಿಸಲ್ಲ, ಕೇಳಿದೋರಿಗೆ ಇದು ತನುಕಿ ಅಂತ ಹೇಳಿದ್ರೆ ಮುಗೀತು, ಬೆಟ್ಟದ ತುದೀಲಿರೋ ಹಳೇ ಮರ ಕಿತ್ಕೊಂಡು ಬರೋದಕ್ಕಿಂತ ಇದು ಎಷ್ಟೋ ವಾಸಿ.

ಈಗ ಕೊರಡು. ನೀರಲ್ಲಿ ತೇಲಿ ಬಂದಿದ್ದು ಚೆನ್ನಾಗಿರುತ್ತೆ ಯಾಕಂದ್ರೆ ಮೆತ್ತಗಿನ ಭಾಗವೆಲ್ಲ ಕೊಳೆತು ತೊಳೆದು ಹೋಗಿ ಗಟ್ಟಿ ತಿರುಳು ಮಾತ್ರ ಉಳಿದಿರುತ್ತೆ. ಆದ್ರೂ ಉಗುರಲ್ಲಿ ಒತ್ತಿ ನೋಡಿ, ಒಳಗೆ ಹೋದ್ರೆ ಬಿಟ್ಬಿಡಿ, ಎಷ್ಟೇ ಚೆಂದ ಇದ್ರೂ ಬಿಡಿ. ತಟ್ಟಿದ್ರೆ ಟಣ್ ಅನ್ಬೇಕು, ಟೊಳ್ಳು ಸದ್ದು ಬರಬಾರ್ದು. ಸಮುದ್ರದ್ದಾದ್ರೆ ಉಪ್ಪು ಹೀರ್ಕೊಂಡಿರುತ್ತೆ, ಅದು ಬೇರಿಗೆ ವಿಷ ಇದ್ದಂಗೆ, ಸಿಹಿನೀರಲ್ಲಿ ಮುಳುಗಿಸಿಟ್ಟು ಎರಡು ಮೂರು ದಿನಕ್ಕೊಮ್ಮೆ ನೀರು ಬದಲಾಯಿಸ್ತಾ ಕೆಲವು ವಾರ ಬಿಡಿ. ಆಮೇಲೆ ತಂತಿ ಬ್ರಷ್ ಹಾಕಿ ಉಜ್ಜಿ, ಚೆನ್ನಾಗಿ ಒಣಗಿಸಿ. ಗೆದ್ದಲು ಹಿಡಿದ ತೂತು ಕಂಡ್ರೆ ಅದನ್ನೂ ದೂರ ಇಡಿ.

ಆಕಾರ ನೋಡುವಾಗ ಎಲ್ಲರೂ ಮೇಲ್ಗಡೆ ನೋಡ್ತಾರೆ, ನಾನು ಹೇಳೋದು ಬುಡ ನೋಡಿ ಅಂತ. ಕೆಳಗೆ ಅಗಲವಾಗಿ ಮೇಲೆ ಹೋಗ್ತಾ ಸಣ್ಣ ಆಗ್ಬೇಕು, ಕಂಬದ ಹಂಗೆ ಇದ್ರೆ ಎಷ್ಟು ವರ್ಷ ಬೆಳೆಸಿದ್ರೂ ಕಂಬಕ್ಕೆ ಬಳ್ಳಿ ಹಬ್ಬಿಸಿದಂಗೇ ಕಾಣೋದು.

ಗಿಡ ಯಾವುದು ಅಂದ್ರೆ ಜುನಿಪರ್, ಸೂಜಿ ಇಲ್ಲಾ ಹುರುಪೆ ಥರದ ಎಲೆಯ ನಿತ್ಯಹಸಿರು ಗಿಡ, ಅದರಲ್ಲೂ ಶಿಂಪಾಕು ಅನ್ನೋ ಜಪಾನಿ ಬಗೆ. ಕಾಡಲ್ಲೇ ಜುನಿಪರ್ ಹಿಂಗೆ ಬದುಕುತ್ತೆ, ಕಾಂಡದ ಮುಕ್ಕಾಲು ಭಾಗ ಸತ್ತು ಬೆಳ್ಳಗಾಗಿ ಒಂದು ಜೀವಂತ ಪಟ್ಟಿ ಸುತ್ತಿಕೊಂಡು ಮೇಲೆ ಹೋಗಿರುತ್ತೆ, ಕಾಂಡದ ಮೇಲಿನ ಆ ಸತ್ತ ಭಾಗಕ್ಕೆ ಶಾರಿ ಅಂತಾರೆ, ಒಣಗಿದ ಕೊಂಬೆಗೆ ಜಿನ್ ಅಂತಾರೆ. ಹಂಗಾಗಿ ಕಣ್ಣು ನಂಬುತ್ತೆ. ಆದ್ರೆ ವರ್ಷಪೂರ್ತಿ ಸೆಕೆ ಇರೋ ಕಡೆ ಶಿಂಪಾಕು ಸೊರಗುತ್ತೆ, ಅದಕ್ಕೆ ಚಳಿಗಾಲದ ವಿಶ್ರಾಂತಿ ಬೇಕು. ಅಂಥ ಕಡೆ ಫೈಕಸ್ ಜಾತಿ, ಅಂದ್ರೆ ಆಲದ ನೆಂಟರು, ಸಲೀಸು. ಅವುಗಳಲ್ಲಿ ಹಲವು ಬೇರೆ ಮರದ ಮೇಲೆ ಹುಟ್ಟಿ ಅದನ್ನೇ ಅಪ್ಪಿ ನುಂಗೋ ಗುಣದವು, ಈ ಕೆಲಸಕ್ಕೆ ಹೇಳಿ ಮಾಡಿಸಿದಂಗಿವೆ.

ಯಾವ ಜಾತಿ ಆದ್ರೂ ಕಾಂಡ ಪೆನ್ಸಿಲ್ ದಪ್ಪ ಅಥವಾ ಅದಕ್ಕಿಂತ ಕಮ್ಮಿ ಇರ್ಲಿ, ಉದ್ದ ಇರ್ಲಿ, ಬೆರಳಲ್ಲಿ ಬಗ್ಗಿಸಿದ್ರೆ ಬಗ್ಗಲಿ. ನಾನು ಮೊದಲ ಸಲ ಬೇಗ ರಿಸಲ್ಟ್ ಬರ್ಲಿ ಅಂತ ಹೆಬ್ಬೆಟ್ಟು ದಪ್ಪದ ಗಿಡ ತಂದಿದ್ದೆ, ಎರಡನೇ ತಿರುವಲ್ಲೇ ಪಟ್ ಅಂತ ಮುರೀತು.

ಈಗ ಕಾಲುವೆ ಕೊರೆಯೋದು. ನನ್ನ ಪ್ರಕಾರ ಇಡೀ ಕೆಲಸದ ಹಣೆಬರಹ ಇಲ್ಲೇ ತೀರ್ಮಾನ ಆಗೋದು. ಮೊದಲು ಕೊರಡಿನ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರ್ಕೊಳ್ಳಿ, ಬುಡದಿಂದ ತುದಿವರೆಗೆ. ನೆಟ್ಟಗೆ ಮೇಲಕ್ಕೆ ಹೋಗೋ ಗೆರೆ ಬೇಡ, ಕಟ್ಟಿಗೆಯ ನಾರು ಯಾವ ಕಡೆ ತಿರುಗಿದೆಯೋ ಅದರ ಜೊತೆ ತಿರುಗ್ಲಿ, ಒಂದು ಕಡೆ ಹಿಂದಕ್ಕೆ ಹೋಗಿ ಮರೆಯಾಗಿ ಮತ್ತೆ ಮುಂದೆ ಬಂದ್ರೆ ಇನ್ನೂ ಚೆಂದ. ಆಮೇಲೆ ಡೈ ಗ್ರೈಂಡರೋ ಡ್ರೆಮೆಲ್ಲೋ, ಅಂದ್ರೆ ಕೈಯಲ್ಲಿ ಹಿಡಿಯೋ ಕರೆಂಟಿನ ಕೊರೆಯೋ ಯಂತ್ರ, ಇದ್ರೆ ಅದರಲ್ಲಿ, ಇಲ್ಲ ಅಂದ್ರೆ ಉಳಿ ಸುತ್ತಿಗೇಲಿ ಕೊರೀರಿ. ಕನ್ನಡಕ, ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಎದೆಗೆ ಒಳ್ಳೇದಲ್ಲ. ಕಾಲುವೆ ಅಗಲ ಕಾಂಡದಷ್ಟೇ ಇರ್ಲಿ, ಆಳವೂ ಹೆಚ್ಚುಕಮ್ಮಿ ಅಷ್ಟೇ, ಕಾಂಡ ಎರಡೂ ಗೋಡೆಗೆ ತಾಗ್ಬೇಕು. ಮುಖ್ಯವಾದ್ದು ಏನಂದ್ರೆ ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು, ಅಂದ್ರೆ ಒಳಗಡೆ ಸ್ವಲ್ಪ ಅಗಲ ಮಾಡಿ, ಕಾಂಡ ಒಳಗೆ ಊದಿಕೊಂಡಾಗ ಹೊರಗೆ ಬರೋಕೆ ದಾರಿ ಇರಲ್ಲ, ಬೀಗ ಹಾಕಿದಂಗೆ ಆಗುತ್ತೆ. ತೀರಾ ಎಳೆ ಕಾಂಡ ಆದ್ರೆ ಆ ಚಿಕ್ಕ ಬಾಯಲ್ಲೇ ಒತ್ತಿದ್ರೂ ಒಳಗೆ ಹೋಗುತ್ತೆ. ಅಂಚಿನಲ್ಲಿರೋ ಸಿಬಿರೆಲ್ಲ ಮರಳು ಕಾಗದದಲ್ಲಿ ತೆಗೀರಿ.

ಕೊರಡಿನ ಬುಡ ಮಣ್ಣು ಮುಟ್ಟೋ ಜಾಗ ಮೊದಲು ಕೊಳೆಯೋದು. ನಂದು ಒಂದು ಮೂರೇ ವರ್ಷಕ್ಕೆ ಬುಡದಲ್ಲಿ ಬ್ರೆಡ್ ಥರ ಆಗಿ ಇಡೀ ಗಿಡ ಒಂದು ಬೆಳಗ್ಗೆ ವಾಲಿಕೊಂಡಿತ್ತು. ಈಗ ಬುಡಕ್ಕೆ ವುಡ್ ಹಾರ್ಡನರ್, ಕಟ್ಟಿಗೆ ಗಟ್ಟಿ ಮಾಡೋ ದ್ರವ, ಕುಡಿಸಿ, ಪೂರ್ತಿ ಒಣಗಿದ ಮೇಲೆ ಕೆಳಗೊಂದು ಚಪ್ಪಟೆ ಕಲ್ಲಿಗೆ ಸ್ಕ್ರೂ ಮತ್ತು ಎಪಾಕ್ಸಿ ಅಂಟು ಹಾಕಿ ಕೂರಿಸ್ತೀನಿ, ಕಟ್ಟಿಗೆ ಮಣ್ಣಿಗಿಂತ ಸ್ವಲ್ಪ ಮೇಲೇ ನಿಲ್ಲುತ್ತೆ, ಕಲ್ಲು ಮಣ್ಣೊಳಗೆ ಹೋಗುತ್ತೆ, ಅಲ್ಲಾಡಲ್ಲ.

ಕೂರಿಸೋದು ಯಾವಾಗ? ಹೊಸ ಚಿಗುರು ಶುರುವಾಗೋಕೆ ಸ್ವಲ್ಪ ಮುಂಚೆ. ಗಿಡ ಕುಂಡದಿಂದ ತೆಗೆದು ಕಾಲುವೆಗೆ ಅಡ್ಡ ಬರೋ ಕೊಂಬೆ ಕತ್ತರಿಸಿ, ಬೇರಿಗೆ ಒದ್ದೆ ಬಟ್ಟೆ ಸುತ್ತಿಡಿ, ಕೆಲಸ ಮುಗಿಯೋವರೆಗೂ ಬೇರು ಒಣಗಬಾರ್ದು. ಕೆಲವರು ಕಾಂಡದ ಹಿಂಭಾಗದ ತೊಗಟೆ ಉದ್ದಕ್ಕೂ ಸೀಳಿ ಚಪ್ಪಟೆ ಮಾಡಿ ಕೂರಿಸ್ತಾರೆ, ಕೂರೋದೇನೋ ಚೆನ್ನಾಗಿ ಕೂರುತ್ತೆ, ಆದ್ರೆ ಜುನಿಪರಲ್ಲಿ ಒಂದೊಂದು ಬೇರಿಂದ ಒಂದೊಂದು ಕೊಂಬೆಗೆ ನೇರ ಸಂಪರ್ಕ ಇರುತ್ತೆ, ಹಿಂಭಾಗದ ತೊಗಟೆ ಹೋದ್ರೆ ಆ ಕಡೆ ಕೊಂಬೆನೂ ಹೋಗುತ್ತೆ. ಹೊಸಬರು ಅದಕ್ಕೆ ಕೈ ಹಾಕಬೇಡಿ.

ಬುಡದಿಂದ ಶುರು ಮಾಡಿ ಮೇಲಕ್ಕೆ ಒತ್ತುತ್ತಾ ಹೋಗಿ. ಪ್ರತಿ ಐದಾರು ಸೆಂಟಿಮೀಟರಿಗೆ ಒಂದು ಸಣ್ಣ ಸ್ಕ್ರೂ, ಮೊದಲು ಸಣ್ಣ ಡ್ರಿಲ್ ಬಿಟ್ಟಲ್ಲಿ ತೂತು ಮಾಡ್ಕೊಂಡೇ ಹಾಕಿ, ಇಲ್ಲಾಂದ್ರೆ ಕಾಂಡ ಸೀಳುತ್ತೆ. ಸ್ಟೇನ್‌ಲೆಸ್ ಸ್ಟೀಲೇ ಇರ್ಲಿ, ಕಬ್ಬಿಣ ಬೇಡ, ತುಕ್ಕು ಹಿಡಿದು ಕಪ್ಪು ಕಲೆ ಇಳಿಯುತ್ತೆ, ಆಮೇಲೆ ಏನ್ ಉಜ್ಜಿದ್ರೂ ಹೋಗಲ್ಲ. ಸ್ಕ್ರೂ ತಲೆ ಕೆಳಗೆ ಒಂದು ಚೂರು ರಬ್ಬರ್ ಇಟ್ರೆ ತೊಗಟೆ ಜಜ್ಜಲ್ಲ. ತಿರುವು ಜಾಸ್ತಿ ಇರೋ ಕಡೆ ಸ್ಕ್ರೂ ಬದಲು ರಾಫಿಯಾ ಅನ್ನೋ ತಾಳೆಗರಿಯ ನಾರನ್ನೋ ಅಗಲದ ರಬ್ಬರ್ ಪಟ್ಟಿನೋ ಸುತ್ತಿ ಬಿಗೀರಿ. ಒಂದೇ ಗಿಡ ಬಡಕಲು ಅನ್ನಿಸಿದ್ರೆ ಇನ್ನೊಂದು ಕಾಲುವೆ ಕೊರೆದು ಎರಡನೇದನ್ನೂ ಕೂರಿಸಬಹುದು, ಎರಡೂ ಒಂದೇ ಜಾತಿ ಇರ್ಲಿ ಅಷ್ಟೇ.

ಬೋನ್ಸಾಯ್ ತಟ್ಟೆಗೆ ಈಗಲೇ ಹಾಕಬೇಡಿ. ಆಳದ ಕುಂಡ, ನೀರು ನಿಲ್ಲದ ಕಾಳುಕಾಳಾದ ಮಣ್ಣು, ಅಕಡಾಮ (ಜಪಾನಿನ ಜೇಡಿ ಕಾಳು), ಪ್ಯೂಮಿಸ್ (ಹಗುರ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲಿನ ಚೂರು ಸಮಪಾಲು ಹಾಕೋರು ಜಾಸ್ತಿ, ಕೊರಡನ್ನ ಕುಂಡಕ್ಕೆ ತಂತೀಲಿ ಬಿಗಿಯಾಗಿ ಕಟ್ಟಿ. ಎರಡು ಮೂರು ವಾರ ನೆರಳು, ಆಮೇಲೆ ನಿಧಾನಕ್ಕೆ ಬಿಸಿಲು.

ಇಲ್ಲಿಂದ ಮುಂದೆ ತುಂಬಾ ಜನ ಎಡವೋದು. ಗಿಡ ಉದ್ದುದ್ದ ಬೆಳೀತಿದೆ ಅಂತ ಕತ್ತರಿ ತಗೊಳ್ತಾರೆ. ಬೇಡ ಮಾರಾಯ್ರೇ, ಎಲೆ ಇದ್ರೆ ತಾನೇ ಕಾಂಡ ದಪ್ಪ ಆಗೋದು, ಮೊದಲ ಎರಡು ಮೂರು ವರ್ಷ ಕಾಡು ಬೆಳೆದಂಗೆ ಬೆಳೀಲಿ, ಗೊಬ್ಬರ ಧಾರಾಳವಾಗಿ ಕೊಡಿ. ಮಧ್ಯೆ ಮಧ್ಯೆ ಸುತ್ತಿದ ಪಟ್ಟಿ ಮಾತ್ರ ನೋಡ್ತಿರಿ, ತೊಗಟೇಲಿ ಇಳೀತಿದ್ರೆ ಬಿಚ್ಚಿ ಮತ್ತೆ ಸುತ್ತಿ. ಸ್ಕ್ರೂ ತಲೆಯನ್ನ ತೊಗಟೆ ನುಂಗಿದ್ರೆ ಹಾಗೇ ಬಿಡಿ.

ಕೊರಡು ಬೆಳ್ಳಗಿರೋಕೆ ಲೈಮ್ ಸಲ್ಫರ್, ಅಂದ್ರೆ ಸುಣ್ಣ ಗಂಧಕದ ದ್ರಾವಣ. ಕಟ್ಟಿಗೆ ಸ್ವಲ್ಪ ಒದ್ದೆ ಮಾಡಿ ಬ್ರಷ್ಷಲ್ಲಿ ಹಚ್ಚಿ, ಹಚ್ಚಿದಾಗ ಹಳದಿ ಇರುತ್ತೆ, ಬಿಸಿಲಿಗೆ ಒಣಗಿದ ಮೇಲೆ ಬೆಳ್ಳಗಾಗುತ್ತೆ. ಕೊಳೆತ ಮೊಟ್ಟೆ ವಾಸನೆ, ಮನೆಯೊಳಗೆ ತೆಗೆದ್ರೆ ಮನೆಯೋರು ನಿಮ್ಮನ್ನೇ ಹೊರಗೆ ಹಾಕ್ತಾರೆ. ಮಣ್ಣಿಗೆ, ಜೀವಂತ ತೊಗಟೆಗೆ ತಾಗದಂಗೆ ಪ್ಲಾಸ್ಟಿಕ್ ಮುಚ್ಚಿ, ಕೈಗೆ ಗ್ಲೌಸ್. ವರ್ಷಕ್ಕೆ ಒಂದೆರಡು ಸಲ ಸಾಕು. ತೀರಾ ಸುಣ್ಣ ಹೊಡೆದಂಗೆ ಕಾಣಬಾರ್ದು ಅಂದ್ರೆ ಒಂದೆರಡು ಹನಿ ಕಪ್ಪು ಇಂಕ್ ಬೆರೆಸಿ.

ಮೂರು ನಾಲ್ಕು ವರ್ಷ ಆದ್ಮೇಲೆ ಒಂದು ಟೆಸ್ಟ್ ಮಾಡಿ. ಕುಂಡಕ್ಕೆ ಕಟ್ಟಿದ ತಂತಿ ಬಿಚ್ಚಿ, ಕಾಂಡದ ಮೇಲ್ಭಾಗ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಾಂಡ ಮತ್ತು ಕೊರಡು ಬೇರೆ ಬೇರೆ ಅಲ್ಲಾಡಿದ್ರೆ ಇನ್ನೊಂದು ವರ್ಷ ಬಿಡಿ. ಎರಡೂ ಒಟ್ಟಿಗೇ ವಾಲಿದ್ರೆ, ಕಾಲುವೆ ಅಂಚಿನ ಮೇಲೆ ತೊಗಟೆ ಉಬ್ಬಿ ಹತ್ತಿದ್ರೆ, ಆಗ ಗಿಡಕ್ಕೆ ಆಕಾರ ಕೊಡೋಕೆ ಕತ್ತರಿ, ಅಲ್ಯೂಮಿನಿಯಂ ತಂತಿ ಕೈಗೆ ತಗೊಳ್ಳಿ.