ಮೂರು ಮೊದಲು ಬೀಳುತ್ತದಾ, ಎರಡಾ? ಹುಣಸೆ ಬೀಜದ ಲೆಕ್ಕ

ಶಿರಸಿ ಕಡೆ ಮಳೆ ಹಿಡಿದರೆ ಹೊತ್ತು ಹೋಗುವುದು ಜಗಲಿಯಲ್ಲೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳು, ಪಕ್ಕದಲ್ಲಿ ಹಲಸಿನ ಹಪ್ಪಳ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ಸಾಕು. ಒಂದು ಮೈಯನ್ನು ಮೆಟ್ಟಿಲ ಕಲ್ಲಿಗೆ ಉಜ್ಜಬೇಕು. ಬೆರಳು ಸುಡುವಷ್ಟು ಬಿಸಿಯಾಗಿ, ಕಪ್ಪು ಸಿಪ್ಪೆ ಹೋಗಿ, ಒಳಗಿನ ಬಿಳಿ ಕಾಣುತ್ತದೆ.

ಈಗ ತಟ್ಟೆಯಲ್ಲಿ ಒಂದೇ ಹಪ್ಪಳ ಉಳಿದಿದೆ ಅಂದುಕೊಳ್ಳಿ. ಬೀಜ ಎಸೆಯುತ್ತಾ ಹೋಗುವುದು. ಮೂರು ಬಿಳಿ ಮೊದಲು ಬಿದ್ದರೆ ಹಪ್ಪಳ ನನಗೆ, ಎರಡು ಬಿಳಿ ಮೊದಲು ಬಿದ್ದರೆ ಅಕ್ಕನಿಗೆ. ನನಗೆ ಸಿಗುವ ಸಂಭವ ಎಷ್ಟು?

ಮೊದಲು ಗರಗಳನ್ನು, ಅಂದರೆ ಬೀಜ ಬೀಳುವ ಬಗೆಗಳನ್ನು, ಎಣಿಸಿ. ಒಂದೊಂದು ಬೀಜಕ್ಕೆ ಎರಡು ಮೈ, ನಾಲ್ಕು ಬೀಜ ಬೀಳುವ ರೀತಿ ಒಟ್ಟು 16. ಅದರಲ್ಲಿ ಮೂರು ಬಿಳಿ 4 ರೀತಿಯಲ್ಲಿ, ಎರಡು ಬಿಳಿ 6 ರೀತಿಯಲ್ಲಿ ಬೀಳುತ್ತದೆ. ಒಂದು ಬಿಳಿಗೆ 4 ರೀತಿ, ಎಲ್ಲಾ ಬಿಳಿ ಒಂದು, ಎಲ್ಲಾ ಕಪ್ಪು ಒಂದು.

ಇನ್ನು ಏನನ್ನೂ ತೀರ್ಮಾನಿಸದ ಗರಗಳನ್ನು ಕೈಬಿಡಿ. ಈ ಲೆಕ್ಕದ ಜೀವ ಇಲ್ಲೇ ಇದೆ. ಒಂದು ಬಿಳಿ ಬಿದ್ದರೆ ಏನಾಯಿತು? ಏನೂ ಇಲ್ಲ, ಮತ್ತೆ ಎಸೆಯುತ್ತೇವೆ. ಆಟ ಶುರುವಾದ ಜಾಗದಲ್ಲೇ ಇದೆ. ಎಲ್ಲಾ ಬಿಳಿ, ಎಲ್ಲಾ ಕಪ್ಪು ಬಿದ್ದರೂ ಹಾಗೇ. ಹಾಗಾಗಿ 4, 1, 1 ಸೇರಿ ಆ 6 ರೀತಿಗಳನ್ನು ಮರೆತುಬಿಡಿ. ಉಳಿದ 10ರಲ್ಲಿ ನನ್ನವು 4. ನನ್ನ ಸಂಭವ ಹತ್ತರಲ್ಲಿ ನಾಲ್ಕು, ಅಕ್ಕನದ್ದು ಹತ್ತರಲ್ಲಿ ಆರು. ಎಷ್ಟು ಸಲ ಎಸೆಯಬೇಕಾದೀತು ಅನ್ನುವ ಚಿಂತೆಯೇ ಬೇಡ.

ಆದರೆ ಆಡುವಾಗ ಸರದಿ ಇರುತ್ತದೆ ಅಲ್ವಾ? ನನ್ನ ಸರದಿಯಲ್ಲಿ ಮೂರು ಬಿದ್ದರೆ ಮಾತ್ರ ನಾನು ಗೆದ್ದೆ, ಅಕ್ಕನ ಸರದಿಯಲ್ಲಿ ಎರಡು ಬಿದ್ದರೆ ಮಾತ್ರ ಅವಳು. ಆಗ ಒಂದು ಎಸೆತದ ಬದಲು ಒಂದು ಸುತ್ತನ್ನು ಹಿಡಿದು ನೋಡಿ. (ನಾಲ್ಕು, ಅಂದರೆ ಎಲ್ಲಾ ಬಿಳಿ, ಅಥವಾ ಎಂಟು, ಅಂದರೆ ಎಲ್ಲಾ ಕಪ್ಪು, ಬಿದ್ದರೆ ಇನ್ನೊಂದು ಎಸೆತ ಕೊಡುವ ನಿಯಮವನ್ನು ಸದ್ಯಕ್ಕೆ ಬಿಡಿ.)

ಮೊದಲ ಎಸೆತ ನನ್ನದು ಅಂತಿಟ್ಟುಕೊಂಡು 32 ಸುತ್ತು ತೆಗೆದುಕೊಳ್ಳೋಣ. 16ರಲ್ಲಿ 4ರಂತೆ, ಸರಾಸರಿ 8 ಸುತ್ತಿನಲ್ಲಿ ನನಗೆ ಮೂರು ಬೀಳುತ್ತದೆ. ಉಳಿದ 24ರಲ್ಲಿ ಅಕ್ಕ ಎಸೆಯುತ್ತಾಳೆ, 16ರಲ್ಲಿ 6ರಂತೆ 9 ಅವಳಿಗೆ. ಇನ್ನುಳಿದ 15 ಸುತ್ತು ಖಾಲಿ, ಕೈಬಿಡಿ. ತೀರ್ಮಾನವಾದ 17ರಲ್ಲಿ ನನ್ನವು 8. ಹೆಚ್ಚುಕಡಿಮೆ ಅರ್ಧಕ್ಕರ್ಧ!

ಅಕ್ಕನೇ ಮೊದಲು ಎಸೆದರೆ? 32ರಲ್ಲಿ 12 ಅವಳಿಗೆ. ಉಳಿದ 20ರಲ್ಲಿ ಕಾಲು ಭಾಗ, ಅಂದರೆ 5 ನನಗೆ. ಈಗ 17ರಲ್ಲಿ 5 ಮಾತ್ರ. ಬೀಜ ಅದೇ, ಗರ ಅದೇ. ಯಾರು ಮೊದಲು ಅನ್ನುವುದೊಂದೇ ಇಷ್ಟು ವ್ಯತ್ಯಾಸ ಮಾಡಿತು. ಮಕ್ಕಳು 'ನಾ ಮೊದಲು, ನಾ ಮೊದಲು' ಅಂತ ಜಗಳ ಆಡುವುದು ಸುಮ್ನೆ ಅಲ್ಲ.

ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1657ರಲ್ಲೇ ಇಂಥದ್ದೊಂದು ಲೆಕ್ಕ ಬಿಡಿಸಿ ಪ್ರಕಟಿಸಿದ್ದರು. ಎರಡು ದಾಳ. ಒಬ್ಬನಿಗೆ ಮೊತ್ತ 6 ಬೀಳಬೇಕು, ಇನ್ನೊಬ್ಬನಿಗೆ 7. ಆರರವನದ್ದು ಮೊದಲ ಎಸೆತ. 216 ಸುತ್ತು ಹಿಡಿಯಿರಿ. 36ರಲ್ಲಿ 5ರಂತೆ 30 ಅವನಿಗೆ. ಉಳಿದ 186ರಲ್ಲಿ ಆರನೇ ಒಂದು, 31, ಏಳರವನಿಗೆ. ಹೈಗೆನ್ಸ್ ಕೊಟ್ಟ ಉತ್ತರವೂ ಇದೇ, 30ಕ್ಕೆ 31. ಮೊದಲ ಎಸೆತ ಸಿಕ್ಕರೂ ಆರರವನು ಕೂದಲೆಳೆಯಷ್ಟು ಹಿಂದೆ.

ಈ ದಾರಿ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಪ್ರತಿ ಸುತ್ತೂ ಹಿಂದಿನದನ್ನು ಮರೆತು ಹೊಸದಾಗಿ ಶುರುವಾಗುತ್ತದಾ? ಬೀಜಕ್ಕೆ ಹೌದು. ಮಳೆಗೆ ಅಲ್ಲ. ಆಷಾಢದಲ್ಲಿ ನಿನ್ನೆ ಹೊಯ್ದಿದ್ದರೆ ಇವತ್ತೂ ಹೊಯ್ಯುವ ಸಂಭವ ಜಾಸ್ತಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗಂತೂ ದಿನವೇ ಗೊತ್ತುಮಾಡಿರುತ್ತದೆ, ಅಲ್ಲಿ ಈ ಲೆಕ್ಕಕ್ಕೆ ಕೆಲಸವಿಲ್ಲ.

ಇನ್ನೊಂದು, ನಿಮ್ಮ ಬೀಜದ ಎರಡು ಮೈಯೂ ಸಮ ಬೀಳುತ್ತವೆ ಅಂತ ನಂಬಬೇಡಿ. ಬೆನ್ನು ಉಬ್ಬಿದ ಬೀಜ ಒಂದೇ ಕಡೆ ಮಗುಚಬಹುದು. ನಾಲ್ಕನ್ನೂ 200 ಸಲ ಎಸೆದು, ಮೂರು ಎಷ್ಟು ಸಲ, ಎರಡು ಎಷ್ಟು ಸಲ ಅಂತ ಗೀಟು ಹಾಕಿ. 4 ಮತ್ತು 6ರ ಜಾಗದಲ್ಲಿ ಆ ಎರಡು ಅಂಕೆ ಹಾಕಿಕೊಂಡರೆ ಬರುವುದು ನಿಮ್ಮದೇ ಬೀಜದ ಉತ್ತರ.